ಆಫ್ರಿಕಾಕ್ಕೆ ಹೊರಟವರಿಗೆ

ಪೂರ್ವ ಆಫ್ರಿಕಾಕ್ಕೆ ಹೋಗುವವರಿಗೆ ನಾಲ್ಕು ಬುದ್ಧಿಮಾತು ಎಂದು ಈ ಭಾಷಣದ ವಿಷಯ ಹೇಳಿದರೆ, ಚುಂಚನಕಟ್ಟೆಯಲ್ಲಿ ಕೂತು ಇದೆಲ್ಲ ಯಾಕಪ್ಪ ಅಂತ ಯಾರಾದರೂ ನಗಬಹುದು. ಹೊರಗಿನವರು ನಗಬಹುದು, ಈ ಸೀಮೆಯವರು ನಗುವುದಿಲ್ಲ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರಕ್ಕೆ ಹೋದರೆ ಆಫ್ರಿಕಾದ ಊರುಗಳ ಹೆಸರನ್ನು ಪಕ್ಕದ ಸಂತೆಯ ಹೆಸರು ಹೇಳಿದಷ್ಟೇ ಸಲೀಸಾಗಿ ಹೇಳುವ ಜನ ಸಿಗುತ್ತಾರೆ. ಅಲ್ಲಿರುವವರು ಹಕ್ಕಿಪಿಕ್ಕಿ ಸಮುದಾಯದವರು. ಮನೆಯಲ್ಲಿ ಆಡುವುದು ವಾಗ್ರಿ ಮಾತು, ಹೊರಗೆ ಕನ್ನಡ. ಕಾಡಿನಲ್ಲಿ ಬಲೆ ಒಡ್ಡಿ ಬದುಕುತ್ತಿದ್ದವರು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಮೇಲೆ ಬಲೆ ಕೆಳಗಿಟ್ಟರು. ಊರೂರು ಸುತ್ತಿ ಪಿನ್ನು, ಮಣಿಸರ, ಪ್ಲಾಸ್ಟಿಕ್ ಹೂವು ಮಾರಿದರು. ಆಮೇಲೆ ಗಿಡಮೂಲಿಕೆ, ತಲೆಗೂದಲಿನ ಎಣ್ಣೆ. ಸಂಕ್ರಾಂತಿಯ ಆಸುಪಾಸಿನಲ್ಲಿ ನಡೆಯುವ ನಮ್ಮ ಚುಂಚನಕಟ್ಟೆಯ ದನಗಳ ಜಾತ್ರೆಯಂಥ ಕಡೆ ಮಾರುತ್ತಿದ್ದ ಜನ, ಅದೇ ಎಣ್ಣೆಯನ್ನು ಚೀಲಕ್ಕೆ ತುಂಬಿಕೊಂಡು ಸಮುದ್ರ ದಾಟಿ ಆಫ್ರಿಕಾದ ಊರುಕೇರಿಗಳಲ್ಲಿ ಗಿರಾಕಿ ಹುಡುಕಿಕೊಂಡರು. ಇದನ್ನು ಯಾವ ಇಲಾಖೆಯೂ ಅವರಿಗೆ ಹೇಳಿಕೊಡಲಿಲ್ಲ. ಓದು ಕಡಿಮೆ ಎಂದು ಅವರನ್ನು ಹಗುರವಾಗಿ ಕಾಣುವವರು, ಗೊತ್ತಿಲ್ಲದ ಭಾಷೆಯ ನಾಡಿನಲ್ಲಿ ಒಂದು ಬಾಟಲಿ ಎಣ್ಣೆ ಮಾರಿ ತೋರಿಸಲಿ ನೋಡೋಣ.

ಆದರೆ ಧೈರ್ಯ ಒಂದೇ ಸಾಲುವುದಿಲ್ಲ ಎಂಬುದು 2023ರ ಏಪ್ರಿಲ್‌ನಲ್ಲಿ ನಮಗೆಲ್ಲ ಗೊತ್ತಾಯಿತು. ಆ ತಿಂಗಳ 15ರಂದು ಸುಡಾನ್ ದೇಶದಲ್ಲಿ ಸೇನೆಗೂ ಅರೆಸೇನಾ ಪಡೆಗೂ ಕಾಳಗ ಶುರುವಾಯಿತು. ಕರ್ನಾಟಕದ ಹಕ್ಕಿಪಿಕ್ಕಿ ಜನ 31 ಮಂದಿ ಅಲ್ಲಿ ಸಿಕ್ಕಿಕೊಂಡಿದ್ದಾರೆ, ಅವರಲ್ಲಿ 19 ಮಂದಿ ಹುಣಸೂರಿನವರು ಎಂದು ಮೊದಲ ದಿನಗಳ ಪತ್ರಿಕೆಗಳಲ್ಲಿ ಬಂತು. ಅವರಿದ್ದದ್ದು ಎಲ್ ಫಶೀರ್ ಎಂಬ ಊರಿನಲ್ಲಿ, ದೇಶದ ಪಶ್ಚಿಮಕ್ಕಿರುವ ಡಾರ್ಫರ್ ಸೀಮೆಯಲ್ಲಿ. ಹಡಗು ಹತ್ತಬೇಕಾದ ಬಂದರು ಪೋರ್ಟ್ ಸುಡಾನ್ ಇರುವುದು ಪೂರ್ವದ ತುದಿಗೆ, ಕೆಂಪು ಸಮುದ್ರದ ದಂಡೆಯ ಮೇಲೆ. ನಡುವೆ ಇಡೀ ದೇಶ, ದಾರಿಯುದ್ದಕ್ಕೂ ಗುಂಡಿನ ಸದ್ದು. ಕೇಂದ್ರ ಸರ್ಕಾರ ಏಪ್ರಿಲ್ 24ರಂದು ಆಪರೇಷನ್ ಕಾವೇರಿ ಆರಂಭಿಸಿತು. ನೌಕಾಪಡೆಯ ಹಡಗುಗಳಲ್ಲಿ, ವಾಯುಪಡೆಯ ವಿಮಾನಗಳಲ್ಲಿ ಜನರನ್ನು ಸೌದಿಯ ಜೆಡ್ಡಾಕ್ಕೆ ತಂದು, ಅಲ್ಲಿಂದ ಭಾರತಕ್ಕೆ ಕಳಿಸಿದರು. ಹಕ್ಕಿಪಿಕ್ಕಿ ಜನರೂ ಸೇರಿದಂತೆ 362 ಮಂದಿಯನ್ನು ಹೊತ್ತ ವಿಮಾನ ಬೆಂಗಳೂರಿಗೆ ಬಂದಿಳಿಯಿತು.

ಆ ಹೊತ್ತಿನಲ್ಲಿ ಊರಿನ ಕಡೆ ಇದ್ದವರ ಪಾಡು ನೆನೆಸಿಕೊಳ್ಳಿ. ಮಗ ಆಫ್ರಿಕಾದಲ್ಲಿದ್ದಾನೆ ಅಷ್ಟೇ ಗೊತ್ತು, ಯಾವ ಊರು ಎಂದರೆ ಗೊತ್ತಿಲ್ಲ, ಪಾಸ್‌ಪೋರ್ಟ್ ನಂಬರ್ ಗೊತ್ತಿಲ್ಲ ಎಂದರೆ ಸಹಾಯ ಮಾಡುವವರಾದರೂ ಎಲ್ಲಿಂದ ಶುರುಮಾಡಬೇಕು? ಹಾಗಾಗಿ ಹೊರಡುವ ಮುಂಚೆ ಮಾಡಬೇಕಾದ ಮೊದಲ ಕೆಲಸ ಮನೆಯಲ್ಲೇ ಇದೆ. ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ವೀಸಾ, ಟಿಕೆಟ್, ಇಷ್ಟರ ಜೆರಾಕ್ಸ್ ಮನೆಯಲ್ಲಿ ಒಬ್ಬರ ಕೈಗೆ ಕೊಟ್ಟು ಹೋಗಿ. ಇಳಿಯುವ ಊರು, ಉಳಿಯುವ ಜಾಗ, ಜೊತೆಗೆ ಹೋಗುವವರ ಹೆಸರು ಬರೆದಿಡಿ. ಊರಿಂದ ಊರಿಗೆ ಹೋದಾಗ ಒಂದು ವಾಟ್ಸಾಪ್ ಮೆಸೇಜು ಹಾಕಿ. ತಲುಪಿದ ಮೇಲೆ ಅಲ್ಲಿಯ ಭಾರತೀಯ ಕಚೇರಿಯಲ್ಲಿ ಹೆಸರು ನೋಂದಾಯಿಸಿ. ಕೀನ್ಯಾದಲ್ಲಾದರೆ ನೈರೋಬಿ, ಉಗಾಂಡದಲ್ಲಾದರೆ ಕಂಪಾಲ, ಟಾಂಜಾನಿಯಾದಲ್ಲಾದರೆ ದಾರ್ ಎಸ್ ಸಲಾಮ್, ಈ ಮೂರೂ ಕಡೆ ನಮ್ಮ ಹೈಕಮಿಷನ್ ಇದೆ. ಇಥಿಯೋಪಿಯಾದ ಅಡಿಸ್ ಅಬಾಬದಲ್ಲಿ ರಾಯಭಾರ ಕಚೇರಿ ಇದೆ. ತೊಂದರೆಯಾದರೆ ಮನೆಯವರು ಇಲ್ಲಿಂದಲೇ ದೂರು ಕೊಡುವುದಕ್ಕೆ ವಿದೇಶಾಂಗ ಇಲಾಖೆಯ ಮದದ್ ಎಂಬ ಜಾಲತಾಣವಿದೆ. ಜೆರಾಕ್ಸ್ ಕೈಯಲ್ಲಿದ್ದರೆ ಅದನ್ನು ತುಂಬುವುದು ಕಾಲೇಜಿಗೆ ಹೋಗುವ ಯಾವ ಹುಡುಗನಿಗೂ ಕಷ್ಟವಲ್ಲ.

ಪಾಸ್‌ಪೋರ್ಟಿಗೆ ಈಗ ಬೆಂಗಳೂರಿಗೆ ಓಡಬೇಕಾಗಿಲ್ಲ. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವೆ ಕೊಡುವ ವ್ಯವಸ್ಥೆ ದೇಶದಲ್ಲಿ ಮೊದಲು ಶುರುವಾದ ಎರಡು ಊರುಗಳಲ್ಲಿ ಒಂದು ನಮ್ಮ ಮೈಸೂರು, 2017ರ ಜನವರಿಯಲ್ಲಿ. ಅವಧಿ ಕನಿಷ್ಠ ಆರು ತಿಂಗಳು ಉಳಿದಿರಲಿ, ಖಾಲಿ ಪುಟಗಳಿರಲಿ. ಇನ್ನೊಂದು ಸಂಗತಿ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ಇ.ಸಿ.ಆರ್. ಎಂಬ ಮೂರು ಅಕ್ಷರ ಅಚ್ಚಾಗಿರುತ್ತದೆ. ಕೆಲವು ದೇಶಗಳಿಗೆ ಕೂಲಿ ನೌಕರಿಗೆ ಹೋಗುವುದಾದರೆ ಇಂಥವರು ವಲಸೆ ಇಲಾಖೆಯ ಒಪ್ಪಿಗೆ ಪಡೆದೇ ಹೋಗಬೇಕು. ಆ ಪಟ್ಟಿಯಲ್ಲಿ ಸುಡಾನ್, ದಕ್ಷಿಣ ಸುಡಾನ್ ಇವೆ. ಕೀನ್ಯಾ, ಉಗಾಂಡ, ಟಾಂಜಾನಿಯಾ ಇಲ್ಲ. ಏಜೆಂಟ್ ಒಬ್ಬ "ಅದೆಲ್ಲ ನಾನು ನೋಡ್ಕೋತೀನಿ, ಟೂರಿಸ್ಟ್ ಅಂತ ಹೋಗಿ, ಅಲ್ಲಿ ಕೆಲಸ ಕೊಡಿಸ್ತೀನಿ" ಎಂದರೆ ಅಲ್ಲಿಗೇ ಮಾತು ನಿಲ್ಲಿಸಿ.

ಈಗ ಹಳದಿ ಜ್ವರದ ಲಸಿಕೆಯ ವಿಚಾರ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಸೊಳ್ಳೆಯಿಂದ ಹರಡುವ ಈ ಜ್ವರ ಆಫ್ರಿಕಾದಲ್ಲಿದೆ, ದಕ್ಷಿಣ ಅಮೆರಿಕದಲ್ಲಿದೆ, ನಮ್ಮಲ್ಲಿಲ್ಲ. ಆದರೆ ಅದನ್ನು ಹರಡುವ ಜಾತಿಯ ಸೊಳ್ಳೆ ನಮ್ಮಲ್ಲಿ ಧಾರಾಳವಾಗಿದೆ. ಡೆಂಗಿ ಹರಡುವುದು ಅದೇ ಸೊಳ್ಳೆ. ಒಮ್ಮೆ ರೋಗ ಒಳಗೆ ಬಂದರೆ ಕಷ್ಟ ಎಂದು ನಮ್ಮ ಸರ್ಕಾರ ಈ ವಿಚಾರದಲ್ಲಿ ಬಿಗಿ. ಕೀನ್ಯಾ, ಉಗಾಂಡ, ಇಥಿಯೋಪಿಯಾ, ಸುಡಾನ್‌ನಂಥ ದೇಶಗಳಿಂದ ಲಸಿಕೆಯ ಪುರಾವೆ ಇಲ್ಲದೆ ಬಂದಿಳಿದವರನ್ನು ವಿಮಾನ ನಿಲ್ದಾಣದಿಂದಲೇ ಕರೆದೊಯ್ದು ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸುತ್ತಾರೆ. ಸುಡಾನ್‌ನಿಂದ ಜೀವ ಕೈಯಲ್ಲಿ ಹಿಡಿದು ಬೆಂಗಳೂರಿಗೆ ಬಂದವರಲ್ಲೂ ಈ ಪುರಾವೆ ಇಲ್ಲದವರಿಗೆ ಹೀಗೇ ಆಯಿತು. ಮನೆಯವರು ಹೊರಗೆ, ಇವರು ಒಳಗೆ. ಕರುಣೆ ತೋರಿಸಿ ಬಿಡಬಹುದಿತ್ತಲ್ಲ ಎನ್ನಿಸುತ್ತದೆ. ಆದರೆ ಈ ನಿಯಮದಲ್ಲಿ ಕರುಣೆಗೆ ಜಾಗವಿಲ್ಲ, ಇರಲೂಬಾರದು.

ಲಸಿಕೆ ಒಂದೇ ಸಲ, ಒಂದೇ ಚುಚ್ಚುಮದ್ದು. ಜೀವಮಾನಕ್ಕೆ ಸಾಕು ಎಂದು 2016ರಿಂದ ಅಂತರರಾಷ್ಟ್ರೀಯ ನಿಯಮವೇ ಆಗಿದೆ. ಹಾಕಿಸಿಕೊಂಡ ಹತ್ತು ದಿನದ ಮೇಲಷ್ಟೇ ಅದಕ್ಕೆ ಮಾನ್ಯತೆ. ಆದ್ದರಿಂದ ಟಿಕೆಟಿನ ಹಿಂದಿನ ವಾರ ಓಡಿದರೆ ಪ್ರಯೋಜನವಿಲ್ಲ. ಎಲ್ಲ ಆಸ್ಪತ್ರೆಯಲ್ಲೂ ಹಾಕುವುದಿಲ್ಲ, ಕೇಂದ್ರ ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ. ಬೆಂಗಳೂರಿನಲ್ಲಿ ಇವೆ. ಮೊದಲೇ ವಿಚಾರಿಸಿ, ದಿನ ಗೊತ್ತುಮಾಡಿಕೊಂಡು, ಪಾಸ್‌ಪೋರ್ಟ್ ಹಿಡಿದು ಹೋಗಿ. ಅಲ್ಲಿ ಕೊಡುವುದು ಅಂಗೈಯಗಲದ ಹಳದಿ ಬಣ್ಣದ ಪುಸ್ತಕ. ಅದನ್ನು ಕೈಗೆ ತೆಗೆದುಕೊಂಡ ತಕ್ಷಣ ಜೇಬಿಗೆ ಹಾಕಬೇಡಿ, ಅಲ್ಲೇ ನಿಂತು ಓದಿ. ಹೆಸರಿನ ಕಾಗುಣಿತ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇದೆಯೇ? ಪಾಸ್‌ಪೋರ್ಟ್ ನಂಬರ್ ಸರಿಯೇ? ಹುಟ್ಟಿದ ತಾರೀಖು? ಲಸಿಕೆಯ ಬ್ಯಾಚ್ ನಂಬರ್, ಹಾಕಿದ ದಿನ, ವೈದ್ಯರ ಸಹಿ, ಕೇಂದ್ರದ ಮೊಹರು, ಎಲ್ಲ ಇವೆಯೇ? ನಿಮ್ಮ ಸಹಿಯ ಜಾಗ ಖಾಲಿ ಬಿಟ್ಟಿದ್ದರೆ ಸಹಿ ಮಾಡಿ. ನಮ್ಮ ಕಡೆಯ ಹೆಸರುಗಳನ್ನು ಇಂಗ್ಲಿಷಿನಲ್ಲಿ ಹತ್ತು ಥರ ಬರೆಯುತ್ತಾರೆ. ಒಂದಕ್ಷರ ಹೆಚ್ಚುಕಮ್ಮಿಯಾದರೂ ಕೌಂಟರಿನಲ್ಲಿ ಕೂತವನಿಗೆ ನೀವು ಬೇರೆ ಮನುಷ್ಯ. ದುಡ್ಡು ಕೊಟ್ಟರೆ ಚುಚ್ಚದೇ ಪುಸ್ತಕ ಬರೆದುಕೊಡುವವರು ಇದ್ದಾರೆ ಎಂದು ಯಾರಾದರೂ ಹೇಳಿದರೆ ಆ ಸಹವಾಸ ಬೇಡ. ಒಂಬತ್ತು ತಿಂಗಳೊಳಗಿನ ಮಗು, ಬಸುರಿ ಹೆಂಗಸು, ಅರವತ್ತು ದಾಟಿದವರು, ಮೊಟ್ಟೆ ತಿಂದರೆ ಮೈಗಾಗದವರು ಮೊದಲೇ ವೈದ್ಯರಿಗೆ ತಿಳಿಸಬೇಕು. ಆ ದೇಶಗಳ ಸಾಲಿನಲ್ಲಿಲ್ಲದ ಟಾಂಜಾನಿಯಾಕ್ಕೆ ಮಾತ್ರ ಹೋಗುವವರೂ ದಾರಿಯಲ್ಲಿ ಅಡಿಸ್ ಅಬಾಬ ಇಲ್ಲವೇ ನೈರೋಬಿ ಮುಟ್ಟಿ ಹೋಗುವುದುಂಟು. ಅವರೂ ಹಾಕಿಸಿಕೊಂಡುಬಿಡುವುದು ಒಳ್ಳೆಯದು.

ವೀಸಾ ವಿಚಾರ ಈಗ ಮೊದಲಿಗಿಂತ ಸುಲಭ. ಕೀನ್ಯಾ 2024ರ ಜನವರಿಯಿಂದ ವೀಸಾವನ್ನೇ ಎತ್ತಿಹಾಕಿ, ಮುಂಚಿತ ಅನುಮತಿ ಎಂಬ ವ್ಯವಸ್ಥೆ ತಂದಿದೆ. ಆನ್‌ಲೈನ್‌ನಲ್ಲಿ ಅರ್ಜಿ, 30 ಡಾಲರ್ ಶುಲ್ಕ. ಉಗಾಂಡ, ಟಾಂಜಾನಿಯಾ ಎರಡಕ್ಕೂ ಇ-ವೀಸಾ, ತಲಾ 50 ಡಾಲರ್. ಕೀನ್ಯಾ, ಉಗಾಂಡ, ರುವಾಂಡ ಮೂರನ್ನೂ ಸುತ್ತುವವರಿಗೆ 100 ಡಾಲರಿನ ಒಂದೇ ವೀಸಾ ಇದೆ, 90 ದಿನಕ್ಕೆ. ಟಾಂಜಾನಿಯಾ ಅದರಲ್ಲಿ ಸೇರಿಲ್ಲ. ಜಾಂಜಿಬಾರ್ ದ್ವೀಪಕ್ಕೆ ಹೋಗುವವರು 2024ರ ಅಕ್ಟೋಬರಿನಿಂದ ಅಲ್ಲಿಯದೇ ವಿಮೆ ಮಾಡಿಸಬೇಕು. ಶುಲ್ಕಗಳು ಬದಲಾಗುತ್ತಿರುತ್ತವೆ, ಅರ್ಜಿ ಹಾಕುವ ದಿನ ನೋಡಿಕೊಳ್ಳಿ. ನೋಡುವುದು ಮಾತ್ರ ಸರ್ಕಾರಿ ಜಾಲತಾಣದಲ್ಲೇ. ಕೀನ್ಯಾ ಸರ್ಕಾರದ ವಿಳಾಸ ಡಾಟ್ ಜಿಓ ಡಾಟ್ ಕೆಇ ಎಂದು ಮುಗಿಯುತ್ತದೆ. ಉಗಾಂಡದ್ದು ಡಾಟ್ ಜಿಓ ಡಾಟ್ ಯುಜಿ. ಟಾಂಜಾನಿಯಾದ್ದು ಡಾಟ್ ಜಿಓ ಡಾಟ್ ಟಿಜಡ್. ಸರ್ಕಾರಿ ತಾಣದಂತೆಯೇ ಕಾಣುವ, ದುಪ್ಪಟ್ಟು ದುಡ್ಡು ಕೀಳುವ ಖಾಸಗಿ ತಾಣಗಳು ಬೇಕಾದಷ್ಟಿವೆ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇಲ್ಲಿದೆ. ನಿಮ್ಮ ಕಾಗದದಲ್ಲಿ ಏನಿದೆಯೋ ನೀವು ಮಾಡುವ ಕೆಲಸವೂ ಅದೇ ಆಗಿರಬೇಕು. ಪ್ರವಾಸಿ ಎಂದು ಹೋದವನು ಪ್ರವಾಸಿಯಾಗಿಯೇ ಇರಬೇಕು. ಪ್ರವಾಸಿ ವೀಸಾದಲ್ಲಿ ಇಳಿದು ಎಣ್ಣೆ ಬಾಟಲಿ ಹರವಿದರೆ ಅಲ್ಲಿಯ ಕಾನೂನಿನ ಕಣ್ಣಿಗೆ ಅದು ತಪ್ಪು. ಸಿಕ್ಕಿಬಿದ್ದರೆ ದಂಡ, ಜೈಲು, ಗಡೀಪಾರು. ಸಿಕ್ಕಿಬೀಳದಿದ್ದರೂ ಬೀದಿಯ ಪೊಲೀಸಿನವನಿಗೆ ಹೆದರಿ ದಿನ ತಳ್ಳಬೇಕು, ಮೋಸ ಹೋದರೆ ದೂರು ಕೊಡುವ ಬಾಯಿ ಇರುವುದಿಲ್ಲ, ಕಾಯಿಲೆಯಾದರೆ ಆಸ್ಪತ್ರೆಗೆ ಹೋಗಲೂ ಹಿಂಜರಿಕೆ. ಕೀನ್ಯಾದಲ್ಲಿ ವ್ಯಾಪಾರ ಮಾಡುವ ಹೊರಗಿನವರಿಗೆ ಜಿ ವರ್ಗ ಎಂಬ ಬೇರೆಯೇ ಪರವಾನಗಿ ಇದೆ. ಟಾಂಜಾನಿಯಾ 2025ರ ಜುಲೈನಲ್ಲಿ ಇನ್ನೂ ಬಿಗಿಯಾಯಿತು: ಚಿಲ್ಲರೆ ವ್ಯಾಪಾರ, ಸಲೂನು, ಮೊಬೈಲ್ ರಿಪೇರಿ ಮುಂತಾದ ಸಣ್ಣಪುಟ್ಟ ಕಸುಬುಗಳನ್ನು ವಿದೇಶೀಯರು ಮಾಡುವಂತೆಯೇ ಇಲ್ಲ ಎಂದು ಆಜ್ಞೆ ಹೊರಡಿಸಿತು. ಕೈಚೀಲದ ವ್ಯಾಪಾರಕ್ಕೆ ಇದು ನೇರ ಪೆಟ್ಟು. ಅವರ ಕಡೆಯಿಂದ ನೋಡಿದರೆ ತಪ್ಪೆನ್ನಲು ಆಗುವುದಿಲ್ಲ. ನಮ್ಮ ಸಂತೆಯಲ್ಲಿ ಹೊರದೇಶದವರು ಬಂದು ಅಂಗಡಿ ಹರವಿದರೆ ನಾವೂ ಸುಮ್ಮನಿರುತ್ತೇವೆಯೇ?

ತಲೆಗೆ ಹಚ್ಚುವ ಎಣ್ಣೆ, ಹೊಟ್ಟೆಗೆ ಕುಡಿಯುವ ಕಷಾಯ ಎರಡನ್ನೂ ಒಂದೇ ಚೀಲದಲ್ಲಿ ಒಯ್ಯುವವರು ತಿಳಿದಿರಬೇಕು: ಔಷಧಿ ಎಂದು ಮಾರಿದ ಕ್ಷಣ ಅದು ಅಲ್ಲಿಯ ಔಷಧ ಮಂಡಳಿಯ ಕೈಗೆ ಬರುತ್ತದೆ. ಕೀನ್ಯಾದಲ್ಲಿ ಆ ಕೆಲಸಕ್ಕೆ ಫಾರ್ಮಸಿ ಅಂಡ್ ಪಾಯ್ಸನ್ಸ್ ಬೋರ್ಡ್ ಇದೆ. ಬಾಟಲಿಯ ಮೇಲೆ ಚೀಟಿ ಇಲ್ಲ, ಒಳಗೆ ಏನಿದೆ ಎಂದು ಬರೆದಿಲ್ಲ ಎಂದರೆ ಕಸ್ಟಮ್ಸ್‌ನವರು ಎಸೆಯುತ್ತಾರೆ. ಸರಿಯಾದ ದಾರಿ ಎಂದರೆ ಇಲ್ಲೇ ಪರವಾನಗಿ ಪಡೆದು, ಪರೀಕ್ಷೆ ಮಾಡಿಸಿ, ರಫ್ತು ನಂಬರ್ ಮಾಡಿಸಿಕೊಂಡು, ಅಲ್ಲಿಯ ವ್ಯಾಪಾರಿಗೆ ಕಳಿಸುವುದು. ಖರ್ಚು, ಓಡಾಟ ಹೆಚ್ಚು, ನಿಜ. ಹಕ್ಕಿಪಿಕ್ಕಿ ಜನರ ಸಂಘಗಳಿಗೆ ಈ ದಾರಿ ಹಾಕಿಕೊಡುವುದು ಸರ್ಕಾರದ ಕೆಲಸ. ಅವರ ಜೊತೆ ಪೋಸ್ ಕೊಟ್ಟು ಫೋಟೊ ತೆಗೆಸಿಕೊಂಡಷ್ಟಕ್ಕೆ ಆ ಕೆಲಸ ಮುಗಿಯುವುದಿಲ್ಲ. ನವಿಲುಗರಿ, ಜಿಂಕೆಕೊಂಬು, ಉಗುರು, ಚರ್ಮ, ಇವು ಮಾತ್ರ ಚೀಲದೊಳಗೆ ಅಪ್ಪಿತಪ್ಪಿಯೂ ಇರಬಾರದು. ಬರುವಾಗ ಆನೆದಂತದ ಬಳೆ ಅಗ್ಗಕ್ಕೆ ಸಿಕ್ಕಿತು ಎಂದು ತರಲೂಬಾರದು.

ದುಡ್ಡಿನ ವಿಷಯ. ಕೀನ್ಯಾ, ಉಗಾಂಡ, ಟಾಂಜಾನಿಯಾ ಮೂರರಲ್ಲೂ ನಾಣ್ಯದ ಹೆಸರು ಶಿಲ್ಲಿಂಗ್. ಬೆಲೆ ಬೇರೆ ಬೇರೆ. ಒಂದು ಡಾಲರಿಗೆ ಕೀನ್ಯಾದಲ್ಲಿ ಸುಮಾರು 130 ಸಿಕ್ಕರೆ ಟಾಂಜಾನಿಯಾದಲ್ಲಿ ಎರಡು ಸಾವಿರದ ಮೇಲೆ, ಉಗಾಂಡದಲ್ಲಿ ಮೂರು ಸಾವಿರದ ಮೇಲೆ. ಗಡಿ ದಾಟಿದ ದಿನ ಎಚ್ಚರ ತಪ್ಪಿದರೆ ಕೈಯಲ್ಲಿದ್ದದ್ದು ಕರಗಿಹೋಗುತ್ತದೆ. ಡಾಲರ್ ಒಯ್ಯುವುದಾದರೆ ಹೊಸ ನೋಟು, ಮಡಿಕೆ ಹರುಕು ಇಲ್ಲದ್ದು. ಹಳೆಯ ಸರಣಿಯ ನೋಟುಗಳನ್ನು ಅನೇಕ ಕಡೆ ಮುಟ್ಟುವುದಿಲ್ಲ. ಕೀನ್ಯಾದಲ್ಲಿ ತರಕಾರಿ ಮಾರುವ ಹೆಂಗಸೂ ಎಂ-ಪೆಸಾದಲ್ಲಿ ದುಡ್ಡು ತೆಗೆದುಕೊಳ್ಳುತ್ತಾಳೆ. ನಮ್ಮಲ್ಲಿ ಫೋನ್‌ಪೇ ಬರುವುದಕ್ಕೆ ಎಷ್ಟೋ ಮುಂಚೆ, 2007ರಲ್ಲೇ ಅಲ್ಲಿ ಶುರುವಾದ ಏರ್ಪಾಡು ಅದು. ಪಾಸ್‌ಪೋರ್ಟ್ ತೋರಿಸಿ ಸಿಮ್ ಕೊಂಡರೆ ನಿಮಗೂ ಆಗುತ್ತದೆ, ಜೇಬಿನಲ್ಲಿ ಕಂತೆ ಇಟ್ಟುಕೊಂಡು ತಿರುಗುವುದು ತಪ್ಪುತ್ತದೆ. ವಾಪಸು ಬರುವಾಗ 5,000 ಡಾಲರಿಗಿಂತ ಹೆಚ್ಚು ನೋಟು ಕೈಯಲ್ಲಿದ್ದರೆ ವಿಮಾನ ನಿಲ್ದಾಣದಲ್ಲಿ ಫಾರಂ ತುಂಬಿ ಹೇಳಿಬಿಡಿ. ಹೇಳಿದರೆ ಏನೂ ಆಗುವುದಿಲ್ಲ, ಬಚ್ಚಿಟ್ಟರೆ ಆಗುತ್ತದೆ.

ಪ್ಲಾಸ್ಟಿಕ್ ಕವರು ಒಯ್ಯಬೇಡಿ. ಕೀನ್ಯಾದಲ್ಲಿ 2017ರಿಂದ, ಟಾಂಜಾನಿಯಾದಲ್ಲಿ 2019ರಿಂದ ನಿಷೇಧ; ಹೆಸರಿಗೆ ಮಾತ್ರದ ನಿಷೇಧವಲ್ಲ. ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿಯನ್ನು ಡಬ್ಬಿಗೆ ಹಾಕಿ. ಪ್ಲಗ್ಗಿನ ಕಾಲು ಅಲ್ಲಿ ಚಪ್ಪಟೆ, ನಮ್ಮ ಚಾರ್ಜರ್ ಹೋಗುವುದಿಲ್ಲ, ಅಡಾಪ್ಟರ್ ಬೇಕು. ಗಡಿಯಾರ ಎರಡೂವರೆ ಗಂಟೆ ಹಿಂದಕ್ಕೆ ತಿರುಗಿಸಿ. ಅಷ್ಟಕ್ಕೇ ಮುಗಿಯಲಿಲ್ಲ. ಸ್ವಾಹಿಲಿ ಮಾತಾಡುವವರು ಗಂಟೆಯನ್ನು ಹೊತ್ತು ಹುಟ್ಟಿದಲ್ಲಿಂದ ಎಣಿಸುತ್ತಾರೆ. ಬೆಳಿಗ್ಗೆ ಏಳು ಅವರಿಗೆ ಒಂದು ಗಂಟೆ. ಬಸ್ಸು ಎರಡಕ್ಕೆ ಎಂದರೆ ಬೆಳಿಗ್ಗೆ ಎಂಟಕ್ಕೋ ಮಧ್ಯಾಹ್ನ ಎರಡಕ್ಕೋ ಎಂದು ಬಾಯಿಬಿಟ್ಟು ಕೇಳಿ.

ಪ್ರಾಣಿ ನೋಡುವುದಕ್ಕೇ ಹೋಗುವವರಿಗೆ ಎರಡು ಮಾತು. ಕಬಿನಿ ಹಿನ್ನೀರಿನಲ್ಲಿ ಆನೆ ಹಿಂಡು ನೋಡಲು ಎಚ್.ಡಿ. ಕೋಟೆ ಕಡೆಗೆ ಬೇಸಿಗೆಯಲ್ಲಿ ಹೋಗುತ್ತೇವಲ್ಲ, ನೀರು ಇಳಿದು ಹುಲ್ಲು ಚಿಗುರಿದಾಗ. ಅಲ್ಲಿಯೂ ಮಳೆಯ ಲೆಕ್ಕವೇ. ಮಾರ್ಚಿನಿಂದ ಮೇವರೆಗೆ ದೊಡ್ಡ ಮಳೆ, ನವೆಂಬರ್ ಸುಮಾರಿಗೆ ಸಣ್ಣ ಮಳೆ. ಲಕ್ಷಗಟ್ಟಲೆ ವಿಲ್ಡಬೀಸ್ಟ್‌ಗಳು ಟಾಂಜಾನಿಯಾದ ಸೆರೆಂಗೆಟಿಯಿಂದ ಕೀನ್ಯಾದ ಮಸಾಯ್ ಮಾರಾಕ್ಕೆ ಹೊಳೆ ದಾಟಿ ಬರುವುದು ಜುಲೈಯಿಂದ ಅಕ್ಟೋಬರ್‌ವರೆಗೆ. ಮಾರಾದ ಪ್ರವೇಶ ಶುಲ್ಕವೂ ಆಗಲೇ ಏರುತ್ತದೆ: ವಿದೇಶಿ ವಯಸ್ಕರಿಗೆ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈಯಿಂದ 200. ಟೂರ್‌ನವರು ಹೇಳುವ ದರದಲ್ಲಿ ಇದು ಸೇರಿದೆಯೋ ಇಲ್ಲವೋ ಬರೆಸಿಕೊಳ್ಳಿ. ಕಡುನೀಲಿ, ಕಪ್ಪು ಬಟ್ಟೆ ಬೇಡ. ತ್ಸೆತ್ಸೆ ಎಂಬ ಕಚ್ಚುವ ನೊಣಕ್ಕೆ ಆ ಬಣ್ಣವೆಂದರೆ ಇಷ್ಟ. ಉಗಾಂಡದಲ್ಲಿ ಮಿಲಿಟರಿ ಚಿತ್ತಾರದ ಬಟ್ಟೆಯನ್ನೂ ತೊಡುವಂತಿಲ್ಲ. ಮಸಾಯ್ ಜನರ ಫೋಟೊವನ್ನು ಕೇಳದೆ ತೆಗೆಯಬೇಡಿ. ನಾಗರಹೊಳೆಯ ಹಾಡಿಗಳಿಗೆ ನುಗ್ಗಿ ಕ್ಯಾಮೆರಾ ಹಿಡಿಯುವ ಪ್ರವಾಸಿಗಳನ್ನು ಕಂಡು ಬೇಸರಪಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಊಟಕ್ಕೆ ನಮ್ಮ ಸೀಮೆಯವರು ಅಷ್ಟೇನೂ ಪರದಾಡುವುದಿಲ್ಲ. ಅಲ್ಲಿಯ ಮುಖ್ಯ ಊಟ ಉಗಾಲಿ, ಜೋಳದ ಹಿಟ್ಟಿನ ಮುದ್ದೆ, ಮೆಕ್ಕೆಜೋಳದ್ದು. ಪಶ್ಚಿಮ ಕೀನ್ಯಾ, ಉಗಾಂಡದ ಕಡೆ ರಾಗಿ ಬೆರೆಸಿಯೂ ಮಾಡುತ್ತಾರೆ. ರಾಗಿ ಹುಟ್ಟಿದ್ದೇ ಇಥಿಯೋಪಿಯಾ, ಉಗಾಂಡದ ಎತ್ತರದ ನೆಲದಲ್ಲಿ. ಸಾವಿರಾರು ವರ್ಷದ ಹಿಂದೆ ಅಲ್ಲಿಂದ ನಮ್ಮಲ್ಲಿಗೆ ಬಂದ ಬೆಳೆ. ಬೆಳಿಗ್ಗೆ ಊಜಿ ಎಂದು ಕೊಡುವ ಗಂಜಿ ಕುಡಿದರೆ ನಮ್ಮ ಅಂಬಲಿಯೇ ಎನ್ನುತ್ತೀರಿ. ಮುದ್ದೆಯನ್ನು ಕೈಯಲ್ಲೇ ಮುರಿದು, ಸೊಪ್ಪಿನ ಪಲ್ಯದ ಜೊತೆ ತಿನ್ನುತ್ತಾರೆ. ಚಪಾತಿ ಎಲ್ಲೆಡೆ ಸಿಗುತ್ತದೆ. ನೈರೋಬಿ, ಕಂಪಾಲಗಳಲ್ಲಿ ಗುಜರಾತಿಗಳು ತಲೆತಲಾಂತರದಿಂದ ಇರುವುದರಿಂದ ಸಸ್ಯಾಹಾರಿ ಹೋಟೆಲ್‌ಗೂ ಕೊರತೆಯಿಲ್ಲ. ನಗರದೊಳಗೆ ಓಡಾಡಲು ಮಟಾಟು ಎಂಬ ವ್ಯಾನುಗಳಿವೆ. ಹತ್ತುವ ಮುಂಚೆ ದರ ಕೇಳಿ, ಮಳೆ ಬಂದರೆ ದರ ಏರುತ್ತದೆ. ಬಾಡಿಗೆ ಬೈಕಿಗೆ ಬೋಡಾ ಬೋಡಾ ಎನ್ನುತ್ತಾರೆ. ಹೆಲ್ಮೆಟ್ ಕೊಡದವನ ಬೈಕ್ ಹತ್ತಬೇಡಿ. ರಾತ್ರಿ ಹೊತ್ತು ಫೋನ್ ಹಿಡಿದು ನಡೆಯಬೇಡಿ.

ಕೊನೆಗೆ ನೀರು, ಸೊಳ್ಳೆ. ಚುಂಚನಕಟ್ಟೆಯಲ್ಲಿ ಕಾವೇರಿ ಧುಮುಕುವುದನ್ನು ನೋಡಿ ಬೆಳೆದವರಿಗೆ ನೀರು ಕಂಡರೆ ಇಳಿಯುವ ಆಸೆ. ವಿಕ್ಟೋರಿಯಾ ಸರೋವರದಲ್ಲಿ ಇಳಿಯಬೇಡಿ. ದಡದ ಬಸವನಹುಳುಗಳಿಂದ ಹೊರಬರುವ ಕಣ್ಣಿಗೆ ಕಾಣದ ಹುಳು ಚರ್ಮ ತೂರಿ ಒಳಗೆ ಹೋಗುತ್ತದೆ. ಮೂತ್ರಕೋಶ, ಕರುಳು, ಯಕೃತ್ತಿಗೆ ತೊಂದರೆ. ಮಲೇರಿಯಾ ಅಲ್ಲಿ ನಮ್ಮಲ್ಲಿಗಿಂತ ಬಹಳ ಹೆಚ್ಚು, ಅದೂ ಮಿದುಳಿಗೆ ಏರುವ ಫಾಲ್ಸಿಪಾರಂ ಜಾತಿಯದ್ದು. ಎತ್ತರದಲ್ಲಿರುವ ನೈರೋಬಿಯಲ್ಲಿ ಭಯ ಕಡಿಮೆ. ಮೊಂಬಾಸಾ ಕರಾವಳಿಯಲ್ಲಿ, ಸರೋವರದ ಸುತ್ತ ಹೆಚ್ಚು. ಹಳೆಯ ಕ್ಲೋರೋಕ್ವಿನ್ ಗುಳಿಗೆ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಯಾವ ಗುಳಿಗೆ, ಎಂದಿನಿಂದ ಎಂದಿನವರೆಗೆ ಎಂದು ಹೊರಡುವ ಮುಂಚೆ ವೈದ್ಯರಲ್ಲಿ ಕೇಳಿ. ಬಂದಮೇಲೂ ಅವರು ಹೇಳಿದಷ್ಟು ದಿನ ನುಂಗಿ, ನಡುವೆ ಬಿಡಬೇಡಿ. ಸಂಜೆ ತುಂಬುತೋಳಿನ ಅಂಗಿ, ರಾತ್ರಿ ಸೊಳ್ಳೆಪರದೆ.

ಊರಿಗೆ ಬಂದು ಎರಡು ವಾರವೋ ಎರಡು ತಿಂಗಳೋ ಆದಮೇಲೆ ಜ್ವರ ಬಂದರೆ, ಡೋಲೋ ನುಂಗಿ ಮಲಗಬೇಡಿ. ಹುಣಸೂರೋ ಕೆ.ಆರ್. ನಗರವೋ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಅಂದೇ ಹೋಗಿ, ಕೂತ ತಕ್ಷಣ ಮೊದಲ ಮಾತಾಗಿ "ಆಫ್ರಿಕಾಕ್ಕೆ ಹೋಗಿ ಬಂದಿದ್ದೆ, ಇಂಥ ದಿನ ಬಂದೆ" ಎಂದು ಹೇಳಿ, ರಕ್ತ ಪರೀಕ್ಷೆ ಮಾಡಿಸಿ. ನೀವು ಹೇಳದಿದ್ದರೆ ವೈದ್ಯರಿಗೆ ಅದು ಮಾಮೂಲಿ ಜ್ವರವಾಗಿಯೇ ಕಾಣುತ್ತದೆ.